ಮೀಟರು ತೋರಿಸಿದ್ದನ್ನೇ ಬರೆದವಳು

ವಿದ್ಯಾರ್ಥಿಗಳು ನನಗೆ ಇಟ್ಟಿದ್ದ ಹೆಸರು ಸೊನ್ನೆ ಮೇಡಂ. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಆದರೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಬೆನ್ನ ಹಿಂದೆ ಕೇಳಿಸಿಕೊಂಡಿದ್ದೇನೆ. ಪ್ರಾಕ್ಟಿಕಲ್ ರೆಕಾರ್ಡಿಗೆ ಸೀನಿಯರ್‌ಗಳ ರೀಡಿಂಗನ್ನು ಇಳಿಸಿಕೊಂಡು ಬಂದವರಿಗೆ ನಾನು ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿ ಕೊಡುತ್ತಿದ್ದೆ, ಅದಕ್ಕೆ ಬಂದ ಹೆಸರು. ನಿವೃತ್ತಿಯ ದಿನ ಶಾಲು ಹೊದಿಸಿ ಮಾತಾಡಿದವರು ನನ್ನನ್ನು ಏನೇನೋ ಅಂದರು, ಈ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಸರ್ವಿಸಿನಲ್ಲಿ ನಾನಾಗಿ ಗಳಿಸಿದ ಬಿರುದು ಅದೊಂದೇ, ಹೇಳಿದ್ದರೆ ಚೆನ್ನಾಗಿತ್ತು.

ಈಗ ಭೌತಶಾಸ್ತ್ರ ಪಾಠ ಹೇಳಲು ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಕ್ವಾಂಟಮ್ ತಂತ್ರಜ್ಞಾನ ಅಂತ ಎಲ್ಲೆಲ್ಲೂ ಸುದ್ದಿ, ಸರ್ಕಾರ ಹಣ ಬಿಡುಗಡೆ ಮಾಡುತ್ತಿದೆ, ತರಬೇತಿಗಳು ಶುರುವಾಗಿವೆ, ನಮ್ಮ ಕಡೆಯ ಮಕ್ಕಳನ್ನು ಅಲ್ಲಿಗೆ ಮುಟ್ಟಿಸುವುದು ಹೇಗೆ ಎಂದು ಕೇಳುತ್ತಾರೆ. ದಾರಿ ನನಗೆ ಗೊತ್ತು, ಹೇಳುತ್ತೇನೆ. ಜೊತೆಗೆ ಆ ದಾರಿಯಲ್ಲಿ ನಾನು ಕಂಡದ್ದನ್ನೂ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ನನ್ನ ಸರ್ವಿಸೆಲ್ಲ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರರ ನಡುವೆಯೇ ಗಾಣದ ಎತ್ತಿನ ಹಾಗೆ ಸುತ್ತಿತು. ಯಾವುದು ಯಾವ ಕಾಲೇಜಿನಲ್ಲಿ ನಡೆದದ್ದು ಎಂದು ಹುಡುಕಲು ಹೋಗಬೇಡಿ, ಬೇಕೆಂದೇ ಕಲಸಿದ್ದೇನೆ.

ಮೊದಲು ಬೀರುವಿನ ವಿಷಯ. ನಮ್ಮ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಹಸಿರು ಕಬ್ಬಿಣದ ಬೀರು ಇತ್ತು. ಅನುದಾನದಲ್ಲಿ ತರಿಸಿದ ಒಳ್ಳೊಳ್ಳೆಯ ಸಾಮಾನುಗಳೆಲ್ಲ ಅದರೊಳಗೆ ಭದ್ರವಾಗಿದ್ದವು. ಲೇಸರ್ ಕಿಟ್ಟು, ಬೆಳಕನ್ನು ಸೀಳುವ ಕನ್ನಡಿಗಳು, ಅಂಕಿ ತೋರಿಸುವ ಡಿಜಿಟಲ್ ಮೀಟರುಗಳು. ಬೀಗದ ಕೈ ಪ್ರಾಂಶುಪಾಲರಾದ ಶಿವಮೂರ್ತಪ್ಪನವರ ಹತ್ತಿರ. ಅವರು ಅರ್ಥಶಾಸ್ತ್ರದವರು. ಕೊಡಿ ಸಾರ್ ಎಂದು ಕೇಳಿದಾಗಲೆಲ್ಲ ಒಂದೇ ಮಾತು, ಒಡೆದರೆ ಕಟ್ಟುವವರು ಯಾರು. ಕೆಟ್ಟ ಮನುಷ್ಯರಲ್ಲ. ಹಿಂದೆ ಯಾವುದೋ ಕಾಲೇಜಿನಲ್ಲಿ ಒಂದು ಸೂಕ್ಷ್ಮದರ್ಶಕ ಕೈತಪ್ಪಿ ಬಿದ್ದು ಅವರ ಸಂಬಳದಲ್ಲಿ ಹಿಡಿದಿದ್ದರಂತೆ. ಅಂದಿನಿಂದ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕಾಗಿದ್ದರು. ವರ್ಷದ ಕೊನೆಗೆ ಲೆಕ್ಕದವರು ಬಂದು ಬೀರು ತೆಗೆಸಿ, ಎಲ್ಲ ಹೊಸದರ ಹಾಗೇ ಇದೆ ಎಂದು ಮೆಚ್ಚಿ ಹೋಗುತ್ತಿದ್ದರು. ಬಳಸದೇ ಇದ್ದ ಸಾಮಾನು ಹೊಸದರ ಹಾಗಿರದೆ ಇನ್ನು ಹೇಗಿರುತ್ತದೆ?

ಅದು ಬಿಟ್ಟರೆ ಬೀರು ತೆರೆಯುತ್ತಿದ್ದದ್ದು ಆಯುಧಪೂಜೆಗೆ. ಅಟೆಂಡರ್ ಓಂಕಾರಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಬಂದು, ಎಲ್ಲ ಪೆಟ್ಟಿಗೆಗಳಿಗೂ ವಿಭೂತಿ ಎಳೆದು ಕುಂಕುಮ ಇಡುತ್ತಿದ್ದ. ಒಂದು ವರ್ಷ ಭಕ್ತಿ ಹೆಚ್ಚಾಗಿ ಒಳಗಿನ ಕನ್ನಡಿಗೂ ಎಳೆದುಬಿಟ್ಟ. ಅದು ಬೆರಳು ಕೂಡ ತಾಗಿಸಬಾರದ ಕನ್ನಡಿ. ನಾನು ಎಗರಾಡಿದೆ. ಅವನು ಸಮಾಧಾನವಾಗಿ, "ಸಿಟ್ಟಾಗ್ಬೇಡಿ ಮೇಡಂ. ವರ್ಷಕ್ಕೊಂದ್ ದಿನನಾದ್ರೂ ಅದಕ್ಕೆ ಬೆಳಕು ತೋರ್ಸಿದ್ದು ನಾನೇ ಅಲ್ವಾ?" ಅಂದ. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮನೆಗೆ ಹೋಗಿ ಯೋಚಿಸಿದಾಗ ಅಷ್ಟು ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಹಾಗಾಗಿ ಮಕ್ಕಳು ಪ್ರಯೋಗ ಮಾಡುತ್ತಿದ್ದದ್ದು ಹಳೆಯ ಮುಳ್ಳಿನ ಮೀಟರುಗಳಲ್ಲಿ. ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೆರಳಲ್ಲಿ ಗಾಜನ್ನು ತಟ್ಟಿದರೆ ಇನ್ನೊಂದು ಕಡೆಗೆ ಹೋಗುತ್ತಿತ್ತು. ಇದಕ್ಕೆ ನಮ್ಮ ಕಾಲೇಜುಗಳು ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದವು. ಪುಸ್ತಕದಲ್ಲಿರುವ ಉತ್ತರದಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರುವುದು, ಆ ಉತ್ತರ ಬರಬೇಕಾದರೆ ಮೀಟರು ಎಷ್ಟು ತೋರಿಸಬೇಕಿತ್ತೋ ಅಷ್ಟನ್ನು ಬರೆಯುವುದು. ಇದಕ್ಕೆ ಹೊಂದಿಸುವುದು ಅನ್ನುತ್ತಾರೆ. ಇದನ್ನು ಮೋಸ ಎಂದು ಯಾರೂ ಅಂದುಕೊಂಡಿರಲಿಲ್ಲ. ಒಳ್ಳೆಯ ಮೇಷ್ಟ್ರುಗಳೇ, ಮಕ್ಕಳಿಗೆ ಮಾರ್ಕ್ಸು ಹೋಗದಿರಲಿ ಅಂತ, ಹೊಂದಿಸುವುದನ್ನು ಕೂತು ಹೇಳಿಕೊಡುತ್ತಿದ್ದರು. ನನಗೆ ಅದು ಕಂಡರೆ ಮೈ ಉರಿಯುತ್ತಿತ್ತು. ಕಣ್ಣಲ್ಲಿ ನೋಡಿದ್ದನ್ನು ಬರೆಯಿರಿ, ಉತ್ತರ ತಪ್ಪಿದರೆ ಯಾಕೆ ತಪ್ಪಿತು ಅಂತ ಕೆಳಗೆ ಎರಡು ಸಾಲು ಬರೆಯಿರಿ ಎಂದು ಹೇಳಿ ಹೇಳಿ ಸಾಕಾಗಿ, ಸೊನ್ನೆ ಸುತ್ತಲು ಶುರುಮಾಡಿದ್ದು.

ಇನ್ನು ಬೆಂಗಳೂರು ಪ್ರವಾಸ. ಅಲ್ಲಿಯ ಒಂದು ದೊಡ್ಡ ಸಂಶೋಧನಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಅನುಮತಿ ಸಿಕ್ಕಿತು. ಕ್ವಾಂಟಮ್ ಕಂಪ್ಯೂಟರ್ ತೋರಿಸ್ತೀನಿ ಬನ್ರೋ ಎಂದು ನಾನು ಮೊದಲೇ ಡಂಗುರ ಹೊಡೆದುಬಿಟ್ಟಿದ್ದೆ. ಹೋಗಿ ನೋಡಿದರೆ ಗಾಜಿನಾಚೆಯಿಂದ ಕಂಡದ್ದು ಚಿನ್ನದ ಬಣ್ಣದ ತಟ್ಟೆಗಳು, ಕೊಳವೆಗಳು, ಮೇಲಿಂದ ಇಳಿಬಿಟ್ಟ ಗೊಂಚಲು ದೀಪದ ಹಾಗೆ. ಅದು ಶೀತಲ ಯಂತ್ರ, ಬಾಹ್ಯಾಕಾಶಕ್ಕಿಂತ ಹೆಚ್ಚು ತಣ್ಣಗಿನ ಜಾಗವನ್ನು ಅದರ ತುದಿಯಲ್ಲಿ ಮಾಡುತ್ತಾರೆ, ಕಂಪ್ಯೂಟರು ಇನ್ನೂ ತಯಾರಾಗಬೇಕು ಎಂದು ಅಲ್ಲಿಯವರು ವಿವರಿಸಿದರು. ನನಗೆ ಅದೇ ಸಾಕಾಗಿತ್ತು, ಬಹಳ ಸಂತೋಷವಾಗಿತ್ತು. ಮಾರನೆಯ ವಾರ ಬುಕ್ಕಾಂಬುಧಿಯ ಒಬ್ಬ ಹುಡುಗನ ತಂದೆ ಕಾಲೇಜಿಗೆ ಬಂದು, "ಫ್ರಿಜ್ ನೋಡಕ್ಕೆ ಬೆಂಗ್ಳೂರ್ ಗಂಟ ಹೋಗ್ಬೇಕಿತ್ತೇನ್ರೀ ಮೇಡಂ?" ಎಂದು ಕೇಳಿದರು. ತಪ್ಪು ನನ್ನದೇ, ಇಲ್ಲದ್ದನ್ನು ತೋರಿಸುತ್ತೇನೆ ಅಂದದ್ದು. ನೀವು ಮಕ್ಕಳನ್ನು ಕರೆದುಕೊಂಡು ಹೋಗುವಾಗ ಏನು ಕಾಣುತ್ತದೋ ಅದನ್ನೇ ಹೇಳಿ ಕರೆದುಕೊಂಡು ಹೋಗಿ.

ಆ ಗಾಜಿನ ಮುಂದೆ ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದಾಗ ಒಬ್ಬಳು ಮಾತ್ರ ಅಲ್ಲಿಯ ಸಂಶೋಧಕರನ್ನು ಹಿಡಿದು ನಿಲ್ಲಿಸಿಕೊಂಡಿದ್ದಳು. ಅಷ್ಟು ಚಳಿಯಲ್ಲಿ ಇಟ್ಟ ಥರ್ಮಾಮೀಟರು ಸುಳ್ಳು ಹೇಳುತ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತು ಎನ್ನುವುದು ಅವಳ ಪ್ರಶ್ನೆ. ಅವರು ತಬ್ಬಿಬ್ಬಾಗಿ ನಕ್ಕು, ಒಂದು ಕುರ್ಚಿ ಎಳೆದುಕೊಂಡು ಕೂತು ಉತ್ತರ ಹೇಳಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಬೇಸಿಗೆ ತರಬೇತಿಗೆ ಈ ಹುಡುಗಿ ಅರ್ಜಿ ಹಾಕಲಿ ಅಂದರು.

ಅವಳೇ ಚೈತ್ರ. ಶಿವನಿ ಎಂಬ ಊರಿನವಳು, ಬೆಳಗಿನ ಪ್ಯಾಸೆಂಜರ್ ರೈಲಿಗೆ ಕಾಲೇಜಿಗೆ ಬರುತ್ತಿದ್ದಳು. ಅವಳ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಹಳಿಯ ಪಕ್ಕ ನಡೆದು ಹಳಿಗಳ ನಡುವಿನ ಅಂತರ ಅಳೆಯುವ ಕೆಲಸ. ನನ್ನ ಸೊನ್ನೆ ಅವಳಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಯಾಕೆ ನೀನೊಬ್ಬಳು ಹೊಂದಿಸುವುದಿಲ್ಲ ಎಂದು ಕೇಳಿದ್ದಕ್ಕೆ, ಅಳತೆ ಹೊಂದಿಸಬೇಡ, ಅದರ ಮೇಲೇ ರೈಲು ಹೋಗುತ್ತದೆ ಅಂತ ಅಪ್ಪ ಬೈಯುತ್ತಾರೆ ಅಂದಿದ್ದಳು. ನನಗೆ ಅವಳ ಮೇಲೆ ಬಹಳ ಪ್ರೀತಿ. ಮೇಷ್ಟ್ರಾದವರು ಎಲ್ಲರನ್ನೂ ಸಮನಾಗಿ ನೋಡಬೇಕು ಅನ್ನುತ್ತಾರೆ, ನನಗೆ ಅದು ಬರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ದಾರಿಯ ಮಾತು ಹೇಳಿಬಿಡುತ್ತೇನೆ. ಕ್ವಾಂಟಮ್ ಅಂದರೆ ಪಿಎಚ್‌ಡಿ ಮಾಡಿದ ಮೇಧಾವಿಗಳಿಗೆ ಮಾತ್ರ ಅಂತ ನಮ್ಮ ಮಕ್ಕಳು ತಿಳಿದಿದ್ದಾರೆ. ಆ ಪ್ರಯೋಗಾಲಯಗಳಲ್ಲಿ ಲೇಸರ್ ಕಿರಣವನ್ನು ನೇರವಾಗಿ ನಿಲ್ಲಿಸುವವರು ಬೇಕು, ಶೀತಲ ಯಂತ್ರ ನೋಡಿಕೊಳ್ಳುವವರು ಬೇಕು, ಸರ್ಕೀಟು ಬೆಸೆಯುವವರು, ಪ್ರೋಗ್ರಾಂ ಬರೆಯುವವರು ಬೇಕು. ಇಂಜಿನಿಯರಿಂಗ್‌ನವರಿಗೂ ಡಿಪ್ಲೊಮಾದವರಿಗೂ ಜಾಗವಿದೆ. ಬಿಎಸ್ಸಿ ಓದುವಾಗಲೇ ಬೇಸಿಗೆ ತರಬೇತಿ ಸಿಕ್ಕಿದರೆ ಒಳಗಿನವರ ಪರಿಚಯವಾಗುತ್ತದೆ, ಅಲ್ಲಿಂದ ಎಂಎಸ್ಸಿ ಪ್ರಾಜೆಕ್ಟು, ಆಮೇಲೆ ಪ್ರಾಜೆಕ್ಟ್ ಅಸಿಸ್ಟೆಂಟು, ಪ್ರವೇಶ ಪರೀಕ್ಷೆ ಪಾಸಾದರೆ ಫೆಲೋಶಿಪ್ಪಿನಲ್ಲಿ ಪಿಎಚ್‌ಡಿ. ಪ್ರಾಜೆಕ್ಟ್ ಕೆಲಸ ಕಾಯಂ ಅಲ್ಲ, ಹಣ ಮುಗಿದರೆ ಮನೆಗೆ ಕಳಿಸುತ್ತಾರೆ ಎನ್ನುವುದನ್ನು ಮುಚ್ಚಿಡದೆ ಹೇಳಿ. ಆದರೆ ಆ ಮೊದಲ ಬೇಸಿಗೆ ಇದೆಯಲ್ಲ, ಅದು ಬಾಗಿಲು. ನಮ್ಮಂಥ ಊರಿನ ಮಕ್ಕಳಿಗೆ ಬೇರೆ ಬಾಗಿಲು ನನಗೆ ಕಾಣಲಿಲ್ಲ. ಚೈತ್ರಳ ಅರ್ಜಿಗೆ ಅಲ್ಲಿಂದ ಒಪ್ಪಿಗೆ ಬಂತು, ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಇರಬೇಕು ಎಂಬ ಒಂದು ಷರತ್ತಿನ ಮೇಲೆ. ಅದೇನು ದೊಡ್ಡದು ಅಂದುಕೊಂಡೆವು.

ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಎಲ್‌ಇಡಿ ಪ್ರಯೋಗ. ಕೆಂಪು, ಹಳದಿ, ಹಸಿರು, ನೀಲಿ ದೀಪಗಳು ಎಷ್ಟೆಷ್ಟು ವೋಲ್ಟಿಗೆ ಹೊತ್ತಿಕೊಳ್ಳುತ್ತವೆ ಎಂದು ಅಳೆದು, ಕ್ವಾಂಟಮ್ ಲೋಕಕ್ಕೆಲ್ಲ ಬುನಾದಿಯಾದ ಎಚ್ ಎಂಬ ಸ್ಥಿರಾಂಕವನ್ನು ಲೆಕ್ಕ ಹಾಕಬೇಕು. ಉತ್ತರ ಆರು ಪಾಯಿಂಟ್ ಆರು ಬರಬೇಕು ಎಂದು ಪುಸ್ತಕ ತೆರೆಯದವನಿಗೂ ಗೊತ್ತಿರುತ್ತದೆ. ಹಿಂದಿನ ದಿನ ನಾನು ಶಿವಮೂರ್ತಪ್ಪನವರ ಹತ್ತಿರ ಹೋಗಿ, ಪರೀಕ್ಷೆಗಾದರೂ ಡಿಜಿಟಲ್ ಮೀಟರು ಹೊರಗೆ ಕೊಡಿ ಎಂದು ಗೋಗರೆದಿದ್ದೆ. ಪರೀಕ್ಷೆಯ ಗಡಿಬಿಡಿಯಲ್ಲೇ ಸಾಮಾನು ಒಡೆಯುವುದು ಅಂದರು. ಮುಳ್ಳಿನ ಮೀಟರಿನಲ್ಲಿ ಚೈತ್ರಳಿಗೆ ಬಂದ ಉತ್ತರ ಐದರ ಆಸುಪಾಸು. ಅಷ್ಟನ್ನೇ ಬರೆದಳು. ಕೆಳಗೆ ನಾನು ಹೇಳಿಕೊಟ್ಟ ಹಾಗೆ, ಮುಳ್ಳು ನಿಲ್ಲುತ್ತಿಲ್ಲ, ಕೆಂಪು ದೀಪ ಯಾವಾಗ ಹೊತ್ತಿತು ಎಂದು ಹೇಳುವುದು ಕಷ್ಟ ಎಂದು ಕಾರಣವನ್ನೂ ಬರೆದಳು. ಅವಳ ಅಕ್ಕಪಕ್ಕದವರೆಲ್ಲ ಅದೇ ಮೀಟರಿನಲ್ಲಿ ಆರು ಪಾಯಿಂಟ್ ಆರು ತೆಗೆದು ಕೈಕಟ್ಟಿ ಕೂತಿದ್ದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು. ಅವಳ ಉತ್ತರಪತ್ರಿಕೆ ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ, "ಏನಮ್ಮಾ, ಸ್ಥಿರಾಂಕ ಅಂದ್ರೆ ಎಲ್ಲಾ ಕಡೆ ಒಂದೇ. ನಿಮ್ಮೂರಿಗೆ ಬೇರೆ ಮಾಡಿಸ್ಕೊಂಡಿದೀರೇನು?" ಅಂದರು. ಹುಡುಗರು ನಕ್ಕರು.

"ಸ್ಥಿರಾಂಕ ಬದ್ಲಾಗಿಲ್ಲ ಸಾರ್," ಅಂದಳು ಚೈತ್ರ. "ನಮ್ ಮೀಟ್ರು ಹಂಗ್ ತೋರಿಸ್ತು. ತೋರಿಸಿದ್ದನ್ನೇ ಬರ್ದಿದೀನಿ."

ಅದು ಅವರಿಗೆ ಅಧಿಕಪ್ರಸಂಗವಾಗಿ ಕೇಳಿಸಿತು. ಉತ್ತರ ತಪ್ಪು, ಮೇಲೆ ಎದುರು ಮಾತು. ಅಂಕ ಕತ್ತರಿಸಿದರು. ನಾನು ಒಳಪರೀಕ್ಷಕಿ, ಪಕ್ಕದಲ್ಲೇ ಇದ್ದೆ. ಇದ್ದ ಶಕ್ತಿಯೆಲ್ಲ ಸೇರಿಸಿ ವಾದಿಸಿದೆ, ಉಳಿದವರದ್ದೇ ಸುಳ್ಳು, ಇವಳದ್ದೊಂದೇ ನಿಜ ಅಂದೆ. ಹಾಗಾದರೆ ಉಳಿದವರನ್ನೆಲ್ಲ ಫೇಲ್ ಮಾಡೋಣವೇ ಎಂದು ಅವರು ಕೇಳಿದರು. ನಾನು ಸಹಿ ಹಾಕುವುದಿಲ್ಲ ಎಂದು ಕೂತೆ. ಇಬ್ಬರ ಸಹಿ ಇಲ್ಲದೆ ಯಾರ ಅಂಕವೂ ವಿಶ್ವವಿದ್ಯಾಲಯಕ್ಕೆ ಹೋಗುವಂತಿರಲಿಲ್ಲ. ಶಿವಮೂರ್ತಪ್ಪನವರು ಬಂದು, ಮೊದಲು ಊಟ ಮಾಡಿ, ಆಮೇಲೆ ಮಾತಾಡೋಣ ಎಂದು ಪರೀಕ್ಷಕರನ್ನು ಹೋಳಿಗೆ ಊಟಕ್ಕೆ ಕಳಿಸಿ, ನನ್ನ ಮುಂದೆ ನಿಂತು, "ಒಬ್ಬಳಿಗೋಸ್ಕರ ಇಡೀ ಬ್ಯಾಚಿನ ರಿಸಲ್ಟ್ ನಿಲ್ಲಿಸ್ತೀರಾ ಮೇಡಂ?" ಅಂದರು. ಹೊರಗೆ ಕಟ್ಟೆಯ ಮೇಲೆ ಕೂತ ಮಕ್ಕಳು ಕಿಟಕಿಯಿಂದ ಕಾಣುತ್ತಿದ್ದರು. ಅವರಲ್ಲಿ ಬಿ.ಎಡ್ ಸೀಟು ಕಾಯುತ್ತಿದ್ದವರಿದ್ದರು, ಬ್ಯಾಂಕ್ ಪರೀಕ್ಷೆ ಕಟ್ಟಿದವರಿದ್ದರು. ಸಹಿ ಹಾಕಿದೆ.

ಪ್ರಥಮ ದರ್ಜೆ ತಪ್ಪಿತು. ಬೆಂಗಳೂರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಆ ಸಂಶೋಧಕರು ಬೇರೆ ದೇಶಕ್ಕೆ ಹೋಗಿದ್ದರು. ಕಚೇರಿಯವರು ಬಹಳ ಮರ್ಯಾದೆಯಿಂದ ಮಾತಾಡಿದರು, ಷರತ್ತು ಷರತ್ತೇ ಅಂದರು. ಚೈತ್ರಳಿಗೆ ನಾನೇ ತಿಳಿಸಿದೆ. ಸರಿ ಮೇಡಂ, ರೈಲಿಗೆ ಹೊತ್ತಾಯ್ತು ಎಂದು ಹೊರಟುಹೋದಳು. ಅವಳು ಅತ್ತಿದ್ದರೆ, ನಿಮ್ಮ ಮಾತು ಕೇಳಿ ಕೆಟ್ಟೆ ಅಂದಿದ್ದರೆ, ನನಗೆ ಹಗುರವಾಗುತ್ತಿತ್ತು. ನಾನು ಕಲಿಸಿದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆದರೆ ಕಲಿಸಿದವಳು ನಾನು, ಬೆಲೆ ತೆತ್ತವಳು ಅವಳು. ನನ್ನ ಸಂಬಳ ಆ ತಿಂಗಳೂ ಸರಿಯಾಗಿ ಬಂತು.

ಆ ಅಂಕದಿಂದಾಗಿ ಒಳ್ಳೆಯ ಕಡೆ ಎಂಎಸ್ಸಿ ಸೀಟೂ ಸಿಗಲಿಲ್ಲ. ಎರಡು ವರ್ಷ ಒಂದು ಖಾಸಗಿ ಶಾಲೆಯಲ್ಲಿ ದುಡಿದು, ಆಮೇಲೆ ಎಲ್ಲೋ ಸಿಕ್ಕ ಕಡೆ ಎಂಎಸ್ಸಿ ಮುಗಿಸಿ, ನಮ್ಮ ಕಡೆಯದೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದಳು. ಪೇಡೆ ತಂದು ಕೊಟ್ಟು, ನಾನೂ ನಿಮ್ಮ ಹಾಗೇ ಆದೆ ಮೇಡಂ ಅಂದಳು. ಪೇಡೆ ತಿಂದೆ.

ಕಾಲ ಬದಲಾಯಿತು. ನನ್ನ ಕೊನೆಯ ವರ್ಷಗಳಲ್ಲಿ ಉಪನ್ಯಾಸಕರಿಗೇ ಕ್ವಾಂಟಮ್ ತರಬೇತಿ ಕೊಡಲು ಶುರುಮಾಡಿದರು. ನಾನೂ ಕನ್ನಡಕ ಏರಿಸಿಕೊಂಡು ಹೋಗಿ, ಮಕ್ಕಳ ವಯಸ್ಸಿನವರ ಪಕ್ಕ ಕೂತು, ಯಾವುದೋ ದೇಶದಲ್ಲಿರುವ ಕ್ವಾಂಟಮ್ ಯಂತ್ರಕ್ಕೆ ಇಂಟರ್ನೆಟ್ಟಿನಲ್ಲಿ ಲೆಕ್ಕ ಕಳಿಸಿ ಉತ್ತರ ತರಿಸುವುದನ್ನು ಕಲಿತೆ. ಊರಿಗೆ ಬಂದು ಮಕ್ಕಳಿಗೆ ತೋರಿಸಿದೆ. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಕಳಿಸಿದರೆ ಪ್ರತಿ ಸಲ ಎಣಿಕೆ ಸ್ವಲ್ಪ ಬೇರೆ ಬರುತ್ತದೆ, ಅದೇ ಅದರ ಸ್ವಭಾವ. ಮಕ್ಕಳು ಕಂಗಾಲಾದರು. ಸರಿಯಾದದ್ದು ಯಾವುದು ಮೇಡಂ, ಯಾವುದನ್ನು ಬರೆಯಬೇಕು ಎಂದು ಕೇಳಿದರು. ಅಷ್ಟೂ ಬರೀರಿ ಅಂದೆ. ಯಾರೂ ನಂಬಲಿಲ್ಲ.

ನಿವೃತ್ತಳಾಗಿ ಮನೆಯಲ್ಲಿದ್ದಾಗ, ಹೊಸದಾಗಿ ಶುರುವಾದ ಒಂದು ತರಬೇತಿಯವರು ನನ್ನನ್ನು ಹುಡುಕಿಕೊಂಡು ಬಂದರು. ಸಣ್ಣ ಊರಿನ ಬಿಎಸ್ಸಿ ಮಕ್ಕಳನ್ನು ಬೆಂಗಳೂರಿಗೆ ಕರೆಸಿ, ಊಟ ವಸತಿ ಕೊಟ್ಟು, ಪ್ರಯೋಗಾಲಯದ ಕೆಲಸ ಕಲಿಸಿ, ಚೆನ್ನಾಗಿ ಮಾಡಿದವರನ್ನು ಅಲ್ಲೇ ಉಳಿಸಿಕೊಳ್ಳುವುದು. ಮೂರು ತಾಲ್ಲೂಕಿನಿಂದ ಮಕ್ಕಳನ್ನು ಆರಿಸಲು ನೆರವಾಗಿ ಅಂದರು. ನನ್ನ ಜೊತೆ ಬಂದವನು ಒಬ್ಬ ತರುಣ ವಿಜ್ಞಾನಿ, ನಯವಾದ ಮಾತಿನ ಹುಡುಗ. ಪ್ರತಿ ಕಾಲೇಜಿನವರೂ ತಮ್ಮಲ್ಲಿರುವ ಮೀಟರಿನಲ್ಲೇ ಎಲ್‌ಇಡಿ ಪ್ರಯೋಗ ಮಾಡಿ ರೀಡಿಂಗ್ ಕೊಡಲಿ ಎಂದು ಅವನೇ ಹೇಳಿದ.

ಒಂದು ಕಾಲೇಜಿನ ರೀಡಿಂಗುಗಳು ಬಹಳ ಚೆನ್ನಾಗಿದ್ದವು. ಎಲ್ಲರದ್ದೂ ಆರು ಪಾಯಿಂಟ್ ಆರು. ಅವನು ಒಂದೊಂದೇ ಹಾಳೆ ಮಗುಚಿ ನೋಡಿ, ಪೂರ್ತಿ ಕಟ್ಟನ್ನು ಪಕ್ಕಕ್ಕಿಟ್ಟ. ಇವರು ಯಾರೂ ಬೇಡ ಮೇಡಂ, ನಮ್ಮಲ್ಲಿ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸಬೇಕು, ಬಂದದ್ದನ್ನು ಬಂದ ಹಾಗೆ ಬರೆಯದವರು ಅಲ್ಲಿಗೆ ಬಂದರೆ ಒಂದು ವರ್ಷದ ಕೆಲಸ ಹಾಳು ಅಂದ. ಗಲೀಜು ರೀಡಿಂಗ್ ಕೊಟ್ಟ ಇನ್ನೊಂದು ಕಾಲೇಜಿನ ಮೂವರನ್ನು ಆರಿಸಿದ. ಆ ಮೂವರು ಪ್ರಾಮಾಣಿಕರೋ, ಸೀನಿಯರ್ ರೆಕಾರ್ಡು ಸಿಗದೆ ಬಚಾವಾದವರೋ, ದೇವರಿಗೇ ಗೊತ್ತು.

ಪಕ್ಕಕ್ಕಿಟ್ಟ ಕಟ್ಟಿನ ಮಕ್ಕಳಿಗೆ ಪಾಠ ಹೇಳುವವಳು ಯಾರೆಂದು ನನಗೆ ಗೊತ್ತಿತ್ತು. ಅವನನ್ನು ಇನ್ನೂ ಒಂದು ವಿಷಯ ಕೇಳಿ ತಿಳಿದುಕೊಂಡು, ಅವತ್ತೇ ಸಂಜೆ ಅಜ್ಜಂಪುರ ಸ್ಟೇಷನ್ನಿಗೆ ಹೋದೆ. ಚೈತ್ರ ಬೆಂಚಿನ ಮೇಲೆ ಶಿವನಿಯ ರೈಲಿಗೆ ಕಾಯುತ್ತಿದ್ದಳು. ಎದ್ದು ಜಾಗ ಮಾಡಿಕೊಟ್ಟಳು. ನಾನು ಸುತ್ತುಬಳಸದೆ, ನಿನ್ನ ಮಕ್ಕಳಿಗೆ ಹೊಂದಿಸೋದು ಕಲಿಸಿದ್ಯಾ ಎಂದು ಕೇಳಿದೆ.

"ಹೂಂ ಮೇಡಂ. ನಾನೇ ಕಲಿಸ್ದೆ," ಅಂದಳು. "ನಿಮ್ಮಿಂದ ಹಿಂಗಾಯ್ತು ಅಂತ ನಾನ್ ಯಾವತ್ತೂ ಅಂದಿಲ್ಲ, ಮನ್ಸಲ್ಲೂ ಅನ್ಕೊಂಡಿಲ್ಲ. ಆದ್ರೆ ನನ್ ಮಕ್ಳಿಗೆ ಹಂಗಾಗದ್ ಬೇಡ ಅಂತ ಕಲಿಸ್ದೆ."

ಹಾಗೆ ಹೊಂದಿಸಿದ್ದಕ್ಕೇ ಅವರೆಲ್ಲರ ಹೆಸರೂ ಬಿಟ್ಟುಹೋಯಿತು ಎಂದು ನಾನು ಹೇಳಬೇಕಾಯಿತು. ಚೈತ್ರ ಹಳಿಗಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಪರೀಕ್ಷೆಗೆ ಪುಸ್ತಕದ್ದು ಬರೀಬೇಕು, ಅವ್ರಿಗೆ ನೋಡಿದ್ದು ಬರೀಬೇಕು. ನಾಳೆ ಕ್ಲಾಸಿಗೆ ಹೋಗಿ ನಾನು ಏನಂತ ಹೇಳ್ಲಿ ಮೇಡಂ?" ಅಂದಳು.

ಬದುಕಿಡೀ ಕೆಂಪು ಶಾಯಿ ಹಿಡಿದು ತಿರುಗಿದವಳು ನಾನು. ನೋಡಿದ್ದನ್ನೇ ಬರೆಸು ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿಕೊಂಡು ಆ ಮಾತು ಹೇಳಲು ಆಗಲಿಲ್ಲ. ಹೊಸದಾಗಿ ಸೇರಿದವರೇ, ನಿಮ್ಮನ್ನೂ ಯಾರಾದರೂ ಇದನ್ನು ಕೇಳುತ್ತಾರೆ. ಅಷ್ಟು ಹೊತ್ತಿಗೆ ಪರೀಕ್ಷೆಯ ರೀತಿಯನ್ನು ನೀವಾದರೂ ಬದಲಾಯಿಸಿರಿ, ಇಲ್ಲದಿದ್ದರೆ ನನ್ನ ಹಾಗೆ ಬಾಯಿ ತೆರೆದು ಮುಚ್ಚಬೇಕಾಗುತ್ತದೆ.

ದೂರದಲ್ಲಿ ರೈಲು ಕಾಣಿಸಿತು. ಚೈತ್ರ ಬ್ಯಾಗು ಹೆಗಲಿಗೆ ಏರಿಸಿಕೊಂಡು, ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಕೇಳಿದಳು.

"ಆ ಟ್ರೈನಿಂಗಿಗೆ ವಯಸ್ಸಿನ ಮಿತಿ ಏನಾದ್ರೂ ಇದ್ಯಾ ಮೇಡಂ?"

"ಇದೆ ಕಣೇ," ಅಂದೆ. "ಇಲ್ಲಿಗ್ ಬರೋ ಮುಂಚೆ ಅದನ್ನೇ ಕೇಳ್ಕೊಂಡ್ ಬಂದೆ."

ಅವಳು ತಲೆಯಾಡಿಸಿ, ಬಗ್ಗಿ ನನ್ನ ಕಾಲು ಮುಟ್ಟಿ, ರೈಲು ಹತ್ತಿದಳು. ರೈಲು ಹೋದ ಮೇಲೆ ಪ್ಲಾಟ್‌ಫಾರಂನಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಕೂತು ಅತ್ತೆ.